ಮಾವನ ಷನ್ ನೋಟ್‌ಬುಕ್ಕು

ಇವತ್ತು ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲಿಗೆ ಇಂಗ್ಲಿಷ್ ನೋಟೀಸೊಂದನ್ನು ಅಂಟಿಸಿದ್ದರು. ಇನ್ಫರ್ಮೇಷನ್, ಮಾಡರ್ನೈಸೇಷನ್, ಇನ್‌ಸ್ಟಲೇಷನ್, ಕೋಆಪರೇಷನ್. ಮೂರೇ ಸಾಲಿನಲ್ಲಿ ನಾಲ್ಕು ಷನ್ನು! ಲಿಫ್ಟ್ ಕೆಟ್ಟಿದೆ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಪಕ್ಕದ ಮನೆಯ ಆಂಟಿ ಹಾಲಿನ ಪ್ಯಾಕೆಟ್ ಹಿಡಿದು ಬಂದವರು, "ಅಂದ್ರೆ ನಾಲ್ಕು ಮಹಡಿ ಹತ್ಬೇಕು ಅಂತ ತಾನೇ?" ಎಂದು ಗೊಣಗುತ್ತ ಮೆಟ್ಟಿಲ ಕಡೆ ನಡೆದರು. ನಾನು ಅಲ್ಲೇ ನಿಂತು ಷನ್ನುಗಳನ್ನು ಇನ್ನೊಮ್ಮೆ ಎಣಿಸಿದೆ. ನಗಬೇಡಿ, ಇದು ನನ್ನ ಸೋದರಮಾವ ಹತ್ತಿಸಿದ ಚಟ.

ರುದ್ರಪ್ಪ ಮಾವ ದಾವಣಗೆರೆ ಕಡೆಯವರು. ಗುಮಾಸ್ತರಾಗಿ ಬೆಂಗಳೂರಿಗೆ ಬಂದು, ವಿಜಯನಗರದಲ್ಲಿ ಮನೆ ಮಾಡಿ, ಗುಮಾಸ್ತರಾಗಿಯೇ ನಿವೃತ್ತರಾದವರು. ಅವರ ಹತ್ತಿರ ಉದ್ದನೆಯ ನೋಟ್‌ಬುಕ್ಕೊಂದಿತ್ತು. ಅದರಲ್ಲಿ ಟಿ-ಐ-ಓ-ಎನ್ ಎಂದು ಮುಗಿಯುವ ಇಂಗ್ಲಿಷ್ ಪದಗಳಿಗೆ ಮಾತ್ರ ಪ್ರವೇಶ. ಅದೂ ಹತ್ತಕ್ಷರಕ್ಕೆ ಕಡಿಮೆಯಿದ್ದರೆ ಬಾಗಿಲಲ್ಲೇ ತಡೆ. "ಸ್ಟೇಷನ್ನು, ನೇಷನ್ನು ಎಲ್ಲಾ ಇನ್ನೂ ಸಣ್ಣವು ಕಣೋ. ಬೆಳೀಲಿ, ಆಮೇಲೆ ನೋಡೋಣ" ಎನ್ನುತ್ತಿದ್ದರು. ಬೇಸಿಗೆ ರಜೆಗೆ ಹೋದರೆ ನನಗೆ ದಿನಕ್ಕೆ ಐದು ಪದ ಬಾಯಿಪಾಠ. ಸರಿಯಾಗಿ ಒಪ್ಪಿಸಿದರೆ ಮಂಡಕ್ಕಿ, ತಪ್ಪಿದರೂ ಮಂಡಕ್ಕಿ. ಯಾಕೆಂದರೆ ಮಂಡಕ್ಕಿ ಕಲಸುತ್ತಿದ್ದ ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಬೀದಿಯವರ ಅರ್ಜಿಗಳನ್ನೆಲ್ಲ ಮಾವನೇ ಬರೆಯುತ್ತಿದ್ದರು. ಸಾಲಿಗೊಂದು ಷನ್ ಬೀಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಒಮ್ಮೆ ಮನೆ ಮುಂದಿನ ಮೋರಿ ಕಟ್ಟಿಕೊಂಡು ವಾರಗಟ್ಟಲೆ ನಾರಿತು. ಮಾವ ಸ್ಟ್ಯಾಗ್ನೇಷನ್, ಕಂಟ್ಯಾಮಿನೇಷನ್, ರೆಕ್ಟಿಫಿಕೇಷನ್ ಎಂದು ಒಂದೂವರೆ ಪುಟ ಬಾರಿಸಿದರು. ಮರುದಿನವೇ ಎಂಜಿನಿಯರೊಬ್ಬರು ಸ್ಕೂಟರಿನಲ್ಲಿ ಓಡಿಬಂದರು. ಪಾಪ, ಮುಖ ಬಿಳಿಚಿಕೊಂಡಿತ್ತು.

"ಏನಾಗಿದೆ ಸಾರ್ ನಿಮ್ಮ ಬೀದೀಲಿ?"

"ಮೋರಿ ಕಟ್ಕೊಂಡಿದೆ" ಎಂದರು ಮಾವ.

ಎಂಜಿನಿಯರು ಹೋದ ಮೇಲೆ ಮಾವ ನನ್ನತ್ತ ತಿರುಗಿ, "ಹೀಗೇ ಬರ್ದಿದ್ರೆ ಬರ್ತಿದ್ನೇನೋ ಆ ಪುಣ್ಯಾತ್ಮ?" ಎಂದು ಮೀಸೆ ತಿರುವಿದರು. ಮೋರಿ ಸರಿಹೋದದ್ದಂತೂ ನಿಜ. ಆದರೆ ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ನನಗೆ ಕೊಂಬು ಬಂತು. ಗೆಳೆಯರ ಮುಂದೆ ಅವರನ್ನು 'ಷನ್ ಮಾವ' ಎಂದು ಆಡಿಕೊಂಡು ನಗಿಸುತ್ತಿದ್ದೆ.

ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಗೆ ಬಂದವರಿಗೆಲ್ಲ ಮಾವ ಹೇಳಿದ್ದು ಒಂದೇ ಮಾತು: "ಕಾಂಪ್ಲಿಕೇಷನ್ ಆಯ್ತು." ಹೋದಳು ಎನ್ನಲಿಲ್ಲ, ಲಿಂಗೈಕ್ಯಳಾದಳು ಎಂದೂ ಎನ್ನಲಿಲ್ಲ. ಹೆಣದ ಮುಂದೆಯೂ ಈ ಮನುಷ್ಯನ ಇಂಗ್ಲಿಷ್ ನಿಲ್ಲದಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನಾನು ಅವರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹೋದ ವರ್ಷ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಮಾವನ ಎಡಗಾಲಿನ ಎರಡು ಬೆರಳು ಕಪ್ಪಾದವು. ಇವತ್ತೇ ತೆಗೆಯದಿದ್ದರೆ ನಾಳೆ ಇಡೀ ಕಾಲು ತೆಗೆಯಬೇಕಾದೀತು ಎಂದರು ಡಾಕ್ಟರು. ನರ್ಸಮ್ಮ ಒಪ್ಪಿಗೆ ಪತ್ರ ತಂದರು. ಅಚ್ಚಕನ್ನಡ: 'ಎಡಗಾಲಿನ ಎರಡು ಬೆರಳುಗಳನ್ನು ಕತ್ತರಿಸಲು ನನ್ನ ಒಪ್ಪಿಗೆ ಇದೆ.' ಮಾವ ಓದಿ, ಪತ್ರವನ್ನು ಪಕ್ಕಕ್ಕೆ ನೂಕಿದರು.

"ಕತ್ತರಿಸೋದು ಅಂದ್ರೇನ್ರೀ? ಇದೇನು ಕಾಲಾ, ಹುರಳೀಕಾಯಾ? ನಾನು ಸಹಿ ಹಾಕಲ್ಲ."

ಡಾಕ್ಟರು ತಿಳಿಹೇಳಿದರು, ನಾನು ಕೈಮುಗಿದೆ. ಮಧ್ಯಾಹ್ನ ಕಳೆದು ಸಂಜೆಯಾಯಿತು. ಕಾಲು ಊದುತ್ತಲೇ ಇತ್ತು, ಮಾವ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಕೊನೆಗೆ ನನಗೇನೋ ಹೊಳೆಯಿತು. ಬ್ಯಾಂಕಿನಲ್ಲಿ 'ಕನ್ನಡ ಫಾರಂ ಎಲ್ರೀ?' ಎಂದು ಕೌಂಟರ್ ಗುದ್ದುವ ನಾನು ಮೆಲ್ಲಗೆ ಹೋಗಿ ಕೇಳಿದೆ: "ಸಿಸ್ಟರ್, ಇದರದ್ದೇ ಇಂಗ್ಲಿಷ್ ಫಾರಂ ಇದ್ಯಾ?" ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದನ್ನು ಹುಡುಕಿ ಕೊಟ್ಟರು.

ಮಾವ ಎದ್ದು ಕೂತು ಕನ್ನಡಕ ಏರಿಸಿದರು. ಒಂದೊಂದೇ ಪದದ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು.

"ಆಂಪ್ಯುಟೇಷನ್. ಸರಿಯಾಗಿ ಹತ್ತಕ್ಷರ. ನೋಟ್‌ಬುಕ್ಕಲ್ಲಿದೆ."

"ಮಾವ, ಅದರರ್ಥ..." ಎಂದು ನಾನು ಬಾಯಿ ತೆರೆದೆ.

"ಗೊತ್ತು ಕಣೋ. ನೀನು ಹೇಳ್ಬೇಡ."

ಪೆನ್ನು ತೆಗೆದುಕೊಂಡರು. ಗುಮಾಸ್ತರ ಸಹಿ, ಕೆಳಗೆ ಎರಡು ಗೆರೆ ಎಳೆದೇ ಮುಗಿಸಿದರು. ನನಗೆ ಆಗ ಅತ್ತೆಯ ಸಾವಿನ ದಿನ ನೆನಪಾಯಿತು. ಕಾಂಪ್ಲಿಕೇಷನ್ ಎಂಬ ಆ ಒಂದು ಪದವನ್ನು ಹಿಡಿದುಕೊಂಡೇ ಅವರು ಅವತ್ತು ಬೀಳದೆ ನಿಂತಿದ್ದರು. ಅದನ್ನು ಒಣಜಂಭ ಎಂದು ತಿಳಿದ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಆಪರೇಷನ್ ಆದ ಮಾರನೆಯ ದಿನ ನರ್ಸಮ್ಮ ಬಂದು, "ನೋವಿದ್ಯಾ ತಾತ?" ಎಂದು ಕೇಳಿದರು. ಯಾವ ಷನ್ ಬರುತ್ತದೋ ಎಂದು ನಾನು ಕಾದೆ.

"ಬಾಳ ನೋಯ್ತೈತೆ ಕಣವ್ವಾ" ಎಂದರು.

ಆಕೆ ಇಂಜೆಕ್ಷನ್ ತರಲು ಹೋದಾಗ ನನ್ನ ಕೈ ಹಿಡಿದುಕೊಂಡರು. "ನಿಮ್ಮತ್ತೆ ಸತ್ತೋದ್ಲಲ್ಲೋ" ಎಂದರು. ಅತ್ತೆ ಹೋಗಿ ಹದಿನಾಲ್ಕು ವರ್ಷವಾಗಿತ್ತು. ಇಬ್ಬರೂ ಮನಸಾರೆ ಅತ್ತೆವು.

ಇವತ್ತು ಲಿಫ್ಟಿನ ಮುಂದಿನಿಂದಲೇ ಅವರಿಗೆ ಫೋನು ಮಾಡಿ ನೋಟೀಸನ್ನು ಪೂರ್ತಿ ಓದಿ ಹೇಳಿದೆ. ಆ ಕಡೆ ಅವರು ಒಂದೊಂದೇ ಅಕ್ಷರ ಎಣಿಸುವುದು ಕೇಳಿಸಿತು.

"ನಾಲ್ಕೂ ಪಾಸು ಕಣೋ. ಭೇಷ್! ಅದಿರ್ಲಿ, ಆಗಿರೋದೇನು?"

"ಲಿಫ್ಟ್ ಕೆಟ್ಟಿದೆ ಮಾವ."

"ಹಂಗಾದ್ರೆ ನಿಧಾನಕ್ಕೆ ಹತ್ತು. ಕಾಲು ಜೋಪಾನ."