ಅನುಮಾನಕ್ಕ ಕೊಡದೇ ಉಳಿಸಿಕೊಂಡ ಕೀಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಎರಡು ಹಳೆಯ ಕಂಪ್ಯೂಟರುಗಳು, ಅವುಗಳ ನಡುವೆ ಒಂದು ನೀಲಿ ತಂತಿ, ಪಕ್ಕದಲ್ಲಿ ತಣ್ಣಗಾಗುತ್ತಿರುವ ಚಹಾ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಏನನ್ನೋ ಕಳಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದಾರೆ ಈ ಮಹಿಳೆ. "ಬಂದಿದ್ದನ್ನ ಯಾರು ಬೇಕಾದ್ರೂ ನೋಡ್ತಾರೆ. ಬರಬೇಕಾಗಿದ್ದು ಯಾವ್ದು ಬಂದಿಲ್ಲ, ಅದನ್ನ ನಾನು ನೋಡ್ತೀನಿ," ಎನ್ನುತ್ತಾರೆ, ನನ್ನ ಕಡೆ ತಿರುಗದೆ.

ಹಗಲು ಇವರದು ಪ್ರಿಂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ. ಅಂಗಡಿ ತೆರೆಯುವ ಮುಂಚಿನ ಎರಡು ಗಂಟೆ ಮಾತ್ರ ಈ ಮೇಜಿಗೆ. ಇಲ್ಲಿ ನೋಡಿಕೊಳ್ಳುವುದು ಒಂದು ಓಪನ್ ಸೋರ್ಸ್ ಸಾಫ್ಟ್‌ವೇರನ್ನು. ಅಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದುಪಡಿ ಕಳಿಸಬಹುದು. ಆದರೆ ಕಳಿಸಿದ್ದನ್ನು ಒಳಗೆ ಸೇರಿಸುವ ಕೀಲಿ ಇರುವುದು ಇವರೊಬ್ಬರ ಕೈಯಲ್ಲಿ. ಕಂಪ್ಯೂಟರುಗಳ ನಡುವಿನ ಮಾತೆಲ್ಲ ಪ್ಯಾಕೆಟ್ ಎಂಬ ಪುಟ್ಟ ಪೊಟ್ಟಣಗಳಾಗಿ ಓಡಾಡುತ್ತದೆ. ಯಾವ ಪೊಟ್ಟಣ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಗೇಟಿನಲ್ಲಿ ಕೂತು ದಾಖಲಿಸುವುದು, ಅಂದರೆ ಲಾಗ್ ಮಾಡುವುದು, ಈ ಸಾಫ್ಟ್‌ವೇರಿನ ಕೆಲಸ. ಕಳ್ಳ ನುಗ್ಗಿದರೆ ಸುಳಿವು ಸಿಗುವುದು ಈ ಲಾಗಿನಲ್ಲೇ.

ಬಿಟ್ಟಿ ಕೆಲಸ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಒಳಗೊಳಗೇ ಏನೋ ಲಾಭ ಇದ್ದೇ ಇರುತ್ತದೆ ಎಂದುಕೊಂಡೇ ಇವರ ಬಗ್ಗೆ ಬರೆಯಲು ಬಂದವನು ನಾನು. ಬಾಯಿ ಬಿಟ್ಟು ಕೇಳಿಯೂ ಬಿಟ್ಟೆ. "ಅನುಮಾನ ಪಡಿ, ಒಳ್ಳೇದೇ," ಎಂದು ನಕ್ಕರು. ಇಂಟರ್ನೆಟ್ಟಿನ ಜೊತೆಗಾರರು ಇವರಿಗೆ ಇಟ್ಟ ಅಡ್ಡಹೆಸರೇ ಅನುಮಾನಕ್ಕ. ಬಸ್ ಓಡಿಸುವ ಗಂಡ ಷೂ ಕಟ್ಟಿಕೊಳ್ಳುತ್ತಾ ದೂರು ಹೇಳುತ್ತಾರೆ: "ಹಾಲು ತಂದಿದೀನಿ ಅಂದ್ರೆ ಮುಚ್ಚಳ ತೆಗ್ದು ನೋಡ್ತಾಳೆ ಸಾರ್. ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ನಂಬಿಲ್ಲ."

"ಒಂದ್ಸಲ ಪಾತ್ರೆ ಖಾಲಿ ಇತ್ತಲ್ಲ!"

ಕೆಲವು ತಿಂಗಳ ಹಿಂದೆ ಒಂದು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನಿಂದ ದೂರು ಬಂತು. ಲಾಗ್ ತುಂಬಿ ತುಳುಕಿ ಯಂತ್ರವೇ ನಿಂತುಹೋಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ. ಲಾಗ್ ಭದ್ರವಾಗಿರಲೆಂದು ಅದನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತಾರೆ. ಹಾಗೆ ಹೋಗುವುದೂ ಪ್ಯಾಕೆಟ್ಟೇ ತಾನೆ? ಅದನ್ನೂ ಲಾಗ್ ಮಾಡು, ಆ ಲಾಗನ್ನೂ ಕಳಿಸು, ಕಳಿಸಿದ್ದನ್ನು ಮತ್ತೆ ಲಾಗ್ ಮಾಡು. ಗೇಟಿನವನು ತನ್ನ ಉಸಿರನ್ನೇ ಎಣಿಸುತ್ತಾ ಕೂತ ಹಾಗೆ.

ಅದೇ ಹೊತ್ತಿಗೆ ಕಣ್ಣಿನ ಡಾಕ್ಟರು, ಆಪರೇಷನ್ ಆಗಲೇಬೇಕು, ಆಮೇಲೆ ಆರು ವಾರ ಪರದೆ ನೋಡಕೂಡದು ಎಂದುಬಿಟ್ಟರು. ಕೀಲಿಯನ್ನು ಯಾರಿಗಾದರೂ ಒಪ್ಪಿಸದೆ ವಿಧಿಯಿರಲಿಲ್ಲ. ಸರಿಯಾಗಿ ಆಗಲೇ ಒಬ್ಬ ಅಪರಿಚಿತ ಪ್ರತ್ಯಕ್ಷನಾದ. ಮುಖ ಕಂಡವರಿಲ್ಲ, ಪ್ರತಿ ಸಂದೇಶದ ಕೊನೆಗೂ ನಗುವ ಮುಖದ ಚಿತ್ರ ಹಾಕುತ್ತಿದ್ದುದರಿಂದ ಅಕ್ಕ ಅವನನ್ನು ನಗುಮುಖ ಎನ್ನುತ್ತಾರೆ. ಅವನು ಕಳಿಸಿದ ತಿದ್ದುಪಡಿ ಎರಡೇ ಸಾಲು: ಲಾಗ್ ಇಡುವ ಕಂಪ್ಯೂಟರಿನ ಕಡೆ ಹೋಗುವ ಯಾವ ಪ್ಯಾಕೆಟ್ಟನ್ನೂ ದಾಖಲಿಸಬೇಡ. ತೊಂದರೆ ಮಾಯ. ತಮ್ಮ ಯಂತ್ರದಲ್ಲಿ ಹಾಕಿ ನೋಡಿದವರೆಲ್ಲ ಶಹಬ್ಬಾಸ್ ಎಂದರು.

ಅಕ್ಕ ಮಾತ್ರ ಈ ಎರಡು ಹಳೆಯ ಯಂತ್ರಗಳನ್ನು ಎದುರುಬದುರು ಇಟ್ಟು, ಕಳ್ಳನ ಹಾಗೆ ತಾವೇ ಒಂದು ಪ್ಯಾಕೆಟ್ಟಿಗೆ ಲಾಗ್ ಇಡುವ ಕಂಪ್ಯೂಟರಿನ ವಿಳಾಸ ಹಾಕಿ ಕಳಿಸಿದರು. ಲಾಗಿನಲ್ಲಿ ಸುಳಿವೇ ಇಲ್ಲ. "ವಾಚ್‌ಮನ್ ರೂಮಿಗೆ ಹೋಗ್ತಿದೀನಿ ಅಂದ್ರೆ ಸಾಕು, ಗೇಟಲ್ಲಿ ಕೇಳೋರೇ ಇಲ್ಲ. ಬೇಕು ಅಂತ್ಲೇ ಬಾಗಿಲು ಬಿಟ್ನೋ, ಗೊತ್ತಿಲ್ದೆ ಬಿಟ್ನೋ?"

ತಪ್ಪು ತೋರಿಸಿದ ಕೂಡಲೇ ನಗುಮುಖ ಒಪ್ಪಿಕೊಂಡ. 'ನಿಮ್ಮಂಥವರು ಇನ್ನೊಬ್ಬರಿಲ್ಲ ಅಕ್ಕಾ. ಕೀಲಿ ನನಗೆ ಕೊಟ್ಟು ನೀವು ವಿಶ್ರಾಂತಿ ತಗೊಳ್ಳಿ' ಎಂದು ಬರೆದ. ಅಕ್ಕನ ಕಿವಿ ನೆಟ್ಟಗಾಯಿತು. ಪ್ರಿಂಟರ್ ಅಂಗಡಿಯಲ್ಲಿ ಒಂದು ಪದ್ಧತಿಯಿದೆ: ಹೊಸ ಮೆಕ್ಯಾನಿಕ್ ಬಂದರೆ, ಬೇಕೆಂದೇ ತಂತಿ ಸಡಿಲಿಸಿಟ್ಟ ಯಂತ್ರವನ್ನು ಅವನ ಮುಂದಿಡುತ್ತಾರೆ. ಅಕ್ಕ ಅದನ್ನೇ ಮಾಡಿದರು. ತಮ್ಮದೇ ಒಂದು ತಿದ್ದುಪಡಿ ಬರೆದು, ಒಳಗೆ ಬರುವ ಪ್ಯಾಕೆಟ್ ಒಂದೂ ದಾಖಲಾಗದಂಥ ತಪ್ಪನ್ನು ಢಾಳಾಗಿ ಬಿಟ್ಟು, 'ನೋಡಿ ಹೇಳು ತಮ್ಮಾ' ಎಂದು ಕಳಿಸಿದರು. ಚಹಾ ಕುದಿಯುವಷ್ಟರಲ್ಲಿ ಉತ್ತರ ಬಂತು: 'ಅದ್ಭುತ ಅಕ್ಕಾ!' ಜೊತೆಗೊಂದು ನಗುಮುಖ.

"ಕಳ್ಳನಾಗಿದ್ರೆ ಕೊಡೋ ಮಾತೇ ಇಲ್ಲ. ಒಳ್ಳೆಯವ್ನೇ ಆಗಿದ್ರೂ, ಓದದೇ ಹೊಗಳೋನಿಗೆ ಹೇಗೆ ಕೊಡ್ಲಿ ಹೇಳಿ?"

ಕೊಡಲಿಲ್ಲ. ನಗುಮುಖ ಮತ್ತೆ ಇತ್ತ ತಲೆ ಹಾಕಲಿಲ್ಲ. ಅವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಪಾಪದ ಹುಡುಗನನ್ನೇ ಓಡಿಸಿಬಿಟ್ಟೆನೇನೋ ಎಂಬ ಕೊರಗು ಅಕ್ಕನಿಗಿದೆ, ಅದನ್ನವರು ಮುಚ್ಚಿಡುವುದಿಲ್ಲ.

ಕೊನೆಗೆ ತಾವೇ ಸರಿಪಡಿಸಿದರು. ಪ್ಯಾಕೆಟ್ ಎಲ್ಲಿಗೆ ಹೊರಟಿದೆ ಎಂದು ಕೇಳುವ ಬದಲು, ಅದನ್ನು ಹುಟ್ಟಿಸಿದ್ದು ಯಾರು ಎಂದು ಕೇಳುವಂತೆ ಕೋಡ್ ತಿದ್ದಿದರು. ಲಾಗ್ ಕಳಿಸುವ ಕೆಲಸದಿಂದಲೇ ಹುಟ್ಟಿದ್ದನ್ನು ಮಾತ್ರ ಅದು ದಾಖಲಿಸದೆ ಬಿಡುತ್ತದೆ, ಮಿಕ್ಕಿದ್ದಕ್ಕೆ ರಿಯಾಯಿತಿ ಇಲ್ಲ. ಆಸ್ಪತ್ರೆಯ ಯಂತ್ರ ಈಗ ಸುಸೂತ್ರ. ಆಪರೇಷನ್ ಇರುವುದು ಬರುವ ಸೋಮವಾರ. ಕೀಲಿ ಇನ್ನೂ ಇವರ ಹತ್ತಿರವೇ ಇದೆ. ಆರು ವಾರದಲ್ಲಿ ಏನಾದರೂ ಎಡವಟ್ಟಾದರೆ ಕೇಳುವವರಿಲ್ಲ.

ಏನಾದರೂ ಆಸೆ ಇದೆಯೇ ಎಂದೆ.

"ಹೊಸ ತಿದ್ದುಪಡಿನ ಎಲ್ರೂ ಹೊಗಳ್ತಿದಾರೆ. ಒಬ್ರೂ ತಪ್ಪು ಹುಡುಕಿಲ್ಲ, ಅದಕ್ಕೇ ಭಯ ನಂಗೆ. ತಪ್ಪು ಇದ್ದೇ ಇರತ್ತೆ, ನಾನು ಬರೆದಿದ್ದಲ್ವಾ? 'ಅಕ್ಕಾ, ನಿನ್ನ ಮೇಲೇ ನಂಗೆ ಅನುಮಾನ' ಅಂತ ಒಬ್ರು ಬರ್ಲಿ. ಅವತ್ತೇ ಕೀಲಿ ಅವ್ರ ಕೈಗೆ ಕೊಟ್ಬಿಡ್ತೀನಿ."