ತೊಂಬತ್ತು ಹೆಜ್ಜೆ ದೂರದ ಕೆಂಪು ಅಕ್ಷರ

ಬೆಳಗಿನ ಐದೂವರೆ. ಬೋರ್ಡ್ ತಯಾರಿಸುವ ಕಾರ್ಖಾನೆಯ ಮುಂದಿನ ರಸ್ತೆಯಲ್ಲಿ ಒಬ್ಬ ಹೆಂಗಸು ಹಿಂದುಹಿಂದಕ್ಕೆ ನಡೆಯುತ್ತಿದ್ದಾರೆ. ಕಣ್ಣೆಲ್ಲ ಗೋಡೆಗೆ ಒರಗಿಸಿದ ಬೋರ್ಡಿನ ಮೇಲೆ. ಅದರಲ್ಲಿ ‘ತುರ್ತು ಚಿಕಿತ್ಸೆ’ ಎಂಬ ಕೆಂಪು ಅಕ್ಷರಗಳು ಒಳಗಿನ ದೀಪದಿಂದ ಉರಿಯುತ್ತಿವೆ. ತೊಂಬತ್ತನೇ ಹೆಜ್ಜೆಗೆ ನಿಂತು, ಜೊತೆಗಿದ್ದ ಗಂಡನನ್ನು ಕೇಳುತ್ತಾರೆ: “ಓದೋಕಾಗುತ್ತೇನ್ರೀ? ನನ್ನ ಸಮಾಧಾನಕ್ಕೆ ಹೇಳಬೇಡಿ.”

“ಆಗುತ್ತೆ ಕಣೇ. ಇದು ನಾಲ್ಕನೇ ಸಲ ಹೇಳ್ತಿರೋದು!”

ಕಾರ್ಖಾನೆಯಲ್ಲಿ ಈಕೆ ಎಲ್ಲರಿಗೂ ಅಕ್ಷರಕ್ಕ. ಅಕ್ರಿಲಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಅಂಚು ಉಜ್ಜುವುದು ಇಪ್ಪತ್ತೆರಡು ವರ್ಷಗಳ ಕೆಲಸ. ದಿನಕ್ಕೆ ನಲವತ್ತು ಅಕ್ಷರ. ಅದರಲ್ಲಿ ಮೂವತ್ತು ಈಗ ಒಂದೇ ಶೈಲಿಯವು: ಬರೀ ವೃತ್ತ, ಚೌಕ ಜೋಡಿಸಿದಂಥ, ದಪ್ಪ ದಪ್ಪನೆಯ, ಮುಂದಿನ ಶತಮಾನದಿಂದ ಇಳಿದು ಬಂದಂಥ ಅಕ್ಷರ. ಜಿಮ್‌ಗೂ ಅದೇ ಬೇಕು, ಮೊಬೈಲ್ ಅಂಗಡಿಗೂ ಅದೇ ಬೇಕು. ಇದನ್ನು ಬರೆಯುತ್ತಿರುವ ನನಗೂ ಅದರ ಗತ್ತು ಇಷ್ಟವೇ, ಸುಳ್ಳೇಕೆ ಹೇಳಲಿ.

“ಜಿಮ್ ಬಾಗಿಲಲ್ಲಿ ಎದೆ ಉಬ್ಬಿಸಿ ನಿಲ್ಲಲಿ, ಬೇಡ ಅಂದವರ್ಯಾರು? ಆಸ್ಪತ್ರೆ ಬಾಗಿಲಲ್ಲಿ ಅಂದ್ರೆ ನನಗೆ ಭಯ,” ಎನ್ನುತ್ತಾರೆ ಅಕ್ಷರಕ್ಕ.

ಐದು ವರ್ಷದ ಹಿಂದೆ ಇನ್ನೊಂದು ಆಸ್ಪತ್ರೆಗೆ ಇದೇ ಶೈಲಿಯ ಬೋರ್ಡನ್ನು ಈಕೆಯೇ ಮಾಡಿದ್ದರು. ಕಾರ್ಖಾನೆಯ ಪದ್ಧತಿಯಂತೆ ಮೇಜಿನ ಮೇಲೆ ಮಲಗಿಸಿ, ದೀಪ ಹಚ್ಚದೆ ಪರೀಕ್ಷಿಸಿ ಕಳಿಸಿದ್ದರು. ಈ ಅಕ್ಷರಗಳ ಹೊಟ್ಟೆಯೊಳಗಿನ ಸಂದು ತೀರಾ ಕಿರಿದು. ದೀಪ ಹತ್ತಿದರೆ ದೂರಕ್ಕೆ ಆ ಬೆಳಕೇ ಸಂದನ್ನು ನುಂಗಿಬಿಡುತ್ತದೆ, ಕಾಣುವುದು ಕೆಂಪು ಕಲೆ. ಆರು ತಿಂಗಳಿಗೆ ಗಂಡನಿಗೆ ಎದೆನೋವು. ರಾತ್ರಿಯಲ್ಲಿ ಟ್ಯಾಕ್ಸಿಯವನು ಅದೇ ಆಸ್ಪತ್ರೆಯ ಗೇಟನ್ನು ದಾಟಿ ಮುಂದೆ ಹೋದ. ತಿರುಗಿ ಬರಲು ಏಳು ನಿಮಿಷ. ಪುಣ್ಯಕ್ಕೆ ಜೀವ ಉಳಿಯಿತು.

“ನನ್ನ ಕೈಯಾರೆ ಮಾಡಿದ ಬೋರ್ಡು. ಪಕ್ಕದಲ್ಲೇ ಕೂತಿದ್ದ ನನಗೇ ಓದೋಕಾಗ್ಲಿಲ್ಲ.”

ಗಂಡ ನಗಿಸಲು ನೋಡುತ್ತಾರೆ: “ಅವಳು ನನ್ನ ಮುಖಾನೇ ನೋಡ್ತಿದ್ದಳು. ಮದುವೆಯಾದ ಮೇಲೆ ಅದೇ ಮೊದಲು!” ಅಕ್ಷರಕ್ಕ ನಗುವುದಿಲ್ಲ.

ಈ ಸಲದ ಆಸ್ಪತ್ರೆ ಬೋರ್ಡಿನಲ್ಲಿ ಯಾರನ್ನೂ ಕೇಳದೆ ಪ್ರತಿ ಸಂದನ್ನೂ ಮೂರು ಮಿಲಿಮೀಟರ್ ಅಗಲ ಮಾಡಿದ್ದಾರೆ. ಗಿರಾಕಿ ಕೊಟ್ಟ ನಕ್ಷೆ ಬದಲಿಸಿದವರನ್ನು ಮಾಲೀಕರು ಈವರೆಗೆ ಕೆಲಸದಲ್ಲಿ ಉಳಿಸಿಕೊಂಡಿಲ್ಲ. ಆಸ್ಪತ್ರೆಯ ಮ್ಯಾನೇಜರ್‌ಗೆ, ಬೆಳಕು ಹರಿಯುವ ಮುಂಚೆಯೇ ಬನ್ನಿ ಎಂದು ಹೇಳಿಕಳಿಸಿದವರೂ ಇವರೇ.

ಮ್ಯಾನೇಜರ್ ಬಂದವರೇ ನಕ್ಷೆ ಹಿಡಿದು, ಬೋರ್ಡಿಗೆ ಮೂಗು ತಾಗುವಷ್ಟು ಬಗ್ಗಿ ಅಳೆಯುತ್ತಾರೆ. “ನಕ್ಷೆಯಲ್ಲಿ ಹೀಗಿಲ್ವಲ್ಲ! ಬದಲಾಯಿಸೋಕೆ ಹೇಳಿದ್ಯಾರು?” ಪಕ್ಕದಲ್ಲಿ ನಿಂತಿದ್ದ ಕಾರ್ಖಾನೆಯ ಮಾಲೀಕರ ಮುಖ ಕಪ್ಪಿಡುತ್ತದೆ.

“ಯಾರೂ ಹೇಳಿಲ್ಲ ಸಾರ್. ಸ್ವಲ್ಪ ನನ್ನ ಜೊತೆ ಬನ್ನಿ.” ತೊಂಬತ್ತು ಹೆಜ್ಜೆ ನಡೆಸಿದ ಮೇಲೆ ಅಕ್ಷರಕ್ಕ ಗಂಡನಿಗೆ ಸನ್ನೆ ಮಾಡುತ್ತಾರೆ. ಬೋರ್ಡಿನ ಬಳಿಯೇ ಉಳಿದಿದ್ದ ಅವರು ಅದರ ದೀಪ ಆರಿಸಿ, ಪಕ್ಕದಲ್ಲಿ ಒರಗಿಸಿದ್ದ ಇನ್ನೊಂದು ಬೋರ್ಡಿನ ದೀಪ ಹಚ್ಚುತ್ತಾರೆ.

“ನಿಮ್ಮ ನಕ್ಷೆಯಂತೆಯೇ ಕತ್ತರಿಸಿದ್ದು ಸಾರ್. ಓದಿ.”

“ತುರ್ತು ಚಿಕಿತ್ಸೆ. ಇನ್ನೇನು?”

“ಅದು ಔಷಧ ವಿಭಾಗದ ಬೋರ್ಡು ಸಾರ್.”

ಮ್ಯಾನೇಜರ್ ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡುತ್ತಾರೆ. ಇನ್ನೂ ನಾಲ್ಕು. ಆಮೇಲೆ ನಕ್ಷೆಯನ್ನು ಮಡಚಿ, “ಅದನ್ನೂ ಉಜ್ಜಿಬಿಡಿ,” ಎನ್ನುತ್ತಾರೆ.

ಬೋರ್ಡು ಲಾರಿ ಹತ್ತಿದರೂ ಅಕ್ಷರಕ್ಕನಿಗೆ ನೆಮ್ಮದಿಯಿಲ್ಲ. ಮಳೆಯಲ್ಲಿ ಹೇಗೆ ಕಾಣುತ್ತದೋ ಎಂಬ ಹೊಸ ಚಿಂತೆ ಹತ್ತಿಕೊಂಡಿದೆ. ಹೋಗಲಿ, ನಿಮಗೇನಾಸೆ ಎಂದು ಕೇಳುತ್ತೇನೆ.

“ಬೋರ್ಡು ಚೆನ್ನಾಗಿದೆ ಅಂತ ಯಾರೂ ಹೇಳೋದು ಬೇಡ. ಗಾಡಿ ಗೇಟು ದಾಟಿ ಮುಂದೆ ಹೋಗದಿದ್ರೆ ಸಾಕು.”