ಇಲ್ಲದ ಸುಳಿ

ಕುದುರೆ ಮಾರುವವರು ಅದರ ಮೈಗೂದಲಿನ ಕೆಟ್ಟ ಸುಳಿಯನ್ನು ಅಳಿಸುತ್ತಾರೆ. ಕಾಸಿದ ಕಬ್ಬಿಣ ಮುಟ್ಟಿಸಿ, ಕೂದಲು ಬೋಳಿಸಿ, ಅಲ್ಲೊಂದು ಸುಳಿ ಇತ್ತೆಂಬ ಗುರುತೇ ಉಳಿಯದಂತೆ ಮಾಡಿ ಸಂತೆಗೆ ಹೊಡೆದುಕೊಂಡು ಬರುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಮೋಸ. ಆದರೆ ಒಳ್ಳೆಯ ಕುದುರೆಯ ಮುಖದ ಮೇಲೆ ಇಲ್ಲದ ಕೆಟ್ಟ ಸುಳಿಯನ್ನು ಕೈಯಾರೆ ಇಟ್ಟವನು ಬೆಲ್ಲದ ಬಾಗೇವಾಡಿಯ ನಬಿಲಾಲನೊಬ್ಬನೇ ಇರಬೇಕು.

ನಬಿಲಾಲ ಧೂಪದಾಳದಲ್ಲಿ ಒಬ್ಬ ಕಾಲುವೆ ಸಾಹೇಬನ ಹತ್ತಿರ ಹದಿನಾರು ವರ್ಷ ಕುದುರೆ ನೋಡಿಕೊಂಡಿದ್ದವನು. ಸಾಹೇಬನದು ವೇಲ್ಸ್ ಎಂಬ ಗುಡ್ಡದ ಸೀಮೆ. ಮಗಳ ಸವಾರಿಗೆಂದು ಅಲ್ಲಿಂದ ಹಡಗಿನಲ್ಲಿ ಒಂದು ಜೋಡಿ ಗಿಡ್ಡ ಕುದುರೆ ತರಿಸಿದ್ದ. ಗಂಡಿಗೆ ಟಾಫಿ, ಹೆಣ್ಣಿಗೆ ಸೆರೆನ್ ಎಂದು ಹೆಸರು. ಎದೆಮಟ್ಟದ ಎತ್ತರ, ಹುಣಸೆ ಬೋಟಿನಂಥ ಕಿವಿ, ಕಣ್ಣು ಮುಚ್ಚುವಷ್ಟು ಜೂಲು. ನಲವತ್ತೇಳರಲ್ಲಿ ಊರಿಗೆ ಹೊರಟ ಸಾಹೇಬ, ಯಾರ ಯಾರದೋ ಕೈಯಲ್ಲಿ ಇವು ನರಳುವುದು ಬೇಡವೆಂದು ಬಂದೂಕು ಹೊರತೆಗೆದ. ನಬಿಲಾಲ ಟಾಫಿಯ ಕೊರಳಿಗೆ ಜೋತುಬಿದ್ದ. ಬಂದೂಕು ಕೆಳಗಿಳಿಯಿತು. ಆದರೆ ಸಾಹೇಬ ಎರಡು ವಚನ ತೆಗೆದುಕೊಂಡ: ಇವನ್ನು ಟಾಂಗಾಕ್ಕೆ ಹೂಡಬಾರದು, ಈ ತಳಿ ಅಳಿಯಬಾರದು.

ವಚನ ಕೊಡುವುದು ಸಲೀಸು. ಕೆಲಸ ಹೋದ ನಬಿಲಾಲನಿಗೆ ಎರಡು ಕುದುರೆ ಕಟ್ಟಲು ಗೇಣು ಜಾಗವಿರಲಿಲ್ಲ. ಆಗ ಊರ ಗೌಡ ಬಸವಣ್ಣೆಪ್ಪ, "ನಮ್ಮ ತ್ವಾಟದಾಗ ಕಟ್ಟಪಾ. ನಾಕ ಎತ್ತ ತಿನ್ನೂವಲ್ಲಿ ಎರಡ ಕುದರಿ ತಿಂದಾವು" ಎಂದ. ಅಲ್ಲಿಯೇ ಒಂದು ಗುಡಿಸಲು ಹಾಕಿಕೊಳ್ಳಲು ಹೇಳಿದ. ಏಳು ವರ್ಷ ಮೇವು ಕೊಟ್ಟ; ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ.

ಗುಡ್ಡದ ಒಣಹುಲ್ಲಿಗೆ ಒಗ್ಗಿದ ಜೀವಗಳಿಗೆ ಇಲ್ಲಿಯ ಸುಖವೇ ರೋಗವಾಯಿತು. ಕಬ್ಬಿನ ಹಸಿ ಸೋಗೆ ತಿಂದು ಟಾಫಿಯ ಗೊರಸು ಕಾದು, ಎರಡು ತಿಂಗಳು ಕುಂಟಿತು. ಅಂದಿನಿಂದ ನಬಿಲಾಲ ತೂಗಿದಂತೆ ಮೇವು ಹಾಕತೊಡಗಿದ. "ತನ್ನ ಹೊಟ್ಟಿ ಕಟ್ಟೂದ ಸಾಲಲಿಲ್ಲಂತ, ಕುದರಿ ಹೊಟ್ಟಿನೂ ಕಟ್ಟತಾನ" ಎಂದು ಹೆಂಡತಿ ಬಿಬಿಜಾನಳೇ ನಗುತ್ತಿದ್ದಳು. ಚೈತ್ರದಲ್ಲಿ ಹುಟ್ಟಿದ ಮೊದಲ ಮರಿ ಬಿಸಿಲಿಗೆ ಮೂರೇ ದಿನ ಬದುಕಿತು. ಎರಡನೆಯದನ್ನು ಸೆರೆನ್ ದಿನ ತುಂಬುವ ಮೊದಲೇ ಕಂದುಹಾಕಿತು. ಕಾರ್ತೀಕದಲ್ಲಿ ಕೂಡಿಸಿದರೆ ಮರಿ ಮುಂದಿನ ದಸರೆಯ ತಂಪಿಗೆ ಬರುತ್ತದೆಂದು ಅವನಿಗೆ ತಿಳಿಯುವಷ್ಟರಲ್ಲಿ ಸೆರೆನ್‌ಗೆ ವಯಸ್ಸಾಗಿತ್ತು. ಐವತ್ತೊಂದರ ದಸರೆಗೆ ಬೂದುಬಣ್ಣದ ಹೆಣ್ಣುಮರಿ ಹಾಕಿ ಸೆರೆನ್ ಸತ್ತುಹೋಯಿತು.

ಬಿಬಿಜಾನ ಮರಿಗೆ ಬಟ್ಟೆಯ ಬತ್ತಿಯಿಂದ ಆಡಿನ ಹಾಲು ಕುಡಿಸಿ ಬೆಳೆಸಿದಳು. ಚಾಂದನಿ ಎಂದು ಕರೆದಳು. ಆ ರಕ್ತದ ಹೆಣ್ಣು ಉಳಿದದ್ದು ಅದೊಂದೇ. ತಂದೆ ಟಾಫಿಗೆ ಮಗಳನ್ನು ಕೂಡಿಸುವಂತಿಲ್ಲ. ಪುಣೆಯ ಹತ್ತಿರ ಇದೇ ತಳಿಯ ಇನ್ನೊಂದು ಗಂಡು ಇದೆಯೆಂದು ಸಾಹೇಬ ವಿಳಾಸ ಬರೆದುಕೊಟ್ಟಿದ್ದ. ಚಾಂದನಿಗೆ ನಾಲ್ಕು ತುಂಬಿದೊಡನೆ ಅಲ್ಲಿಗೆ ಒಯ್ಯಬೇಕೆಂದು ನಬಿಲಾಲ ದಿನ ಎಣಿಸುತ್ತಿದ್ದ.

ಅದಕ್ಕೆ ಮೂರು ತುಂಬಿದಾಗ ಬಸವಣ್ಣೆಪ್ಪ ಬಾಯಿಬಿಟ್ಟು ಒಂದು ಮಾತು ಕೇಳಿದ. ಅವನ ಮಗಳು ಸಾವಂತ್ರೆವ್ವನಿಗೆ ಎಂಟು ವರ್ಷ. ಜ್ವರ ಬಂದು ಎಡಗಾಲು ಸೊರಗಿತ್ತು. ತೋಟದಿಂದ ಶಾಲೆಗೆ ಎರಡು ಮೈಲಿ. ಅವನೇ ಹೆಗಲ ಮೇಲೆ ಹೊತ್ತು ಮುಟ್ಟಿಸುತ್ತಿದ್ದ.

"ನಬಿ, ಟಾಫಿ ಗಂಡು, ಹುಡುಗೂರ್ನ ಕುಂಡ್ರಸಾಕ ಬರೂದಿಲ್ಲ. ಆ ಬೂದ ಕುದರಿ ನಮ್ಮ ಸಾವಂತ್ರಿ ಸಲುವಾಗೇ ಹುಟ್ಟೇತಿ ನೋಡ. ನೀ ಅಂದಷ್ಟ ಕೊಡ್ತೇನಿ. ಬರೂ ಸೋಮವಾರ ಚಲೋ ದಿನ ಐತಿ. ಬಂದ ಹಿಡಕೊಂಡ ಹೋಗ್ತೇನಿ."

ನಬಿಲಾಲ ಒಳಗೊಳಗೇ ಲೆಕ್ಕ ಹಾಕಿದ. ಇವನ ಮೇವು ತಿಂದು ಇವನಿಗೇ ಇಲ್ಲವೆನ್ನುವುದು ಹೇಗೆ? ಕೊಟ್ಟರೆ ಪುಣೆಯ ಮಾತು ಅಲ್ಲಿಗೇ ಮುಗಿಯಿತು. ಗಬ್ಬದ ಕುದುರೆಯ ಮೇಲೆ ದಿನಾ ಸವಾರಿ ಮಾಡಲಾದೀತೇ? ಮೂರು ದಿನ ಅವನು ಊಟ ಬಿಟ್ಟು ತಿರುಗಿದ. ಸೋಮವಾರ ಬೆಳಗ್ಗೆ ಜಾಲಿ ಮರದ ಅಂಟನ್ನು ನೀರಿನಲ್ಲಿ ಕಲಸಿ, ಚಾಂದನಿಯ ಬಲಗಣ್ಣಿನ ಕೆಳಗೆ ಹೆಬ್ಬೆರಳಿನಿಂದ ಕೂದಲು ತಿರುವಿದ. ಒಣಗಿದ ಮೇಲೆ ಅದು ಥೇಟ್ ಕಣ್ಣೀರ ಸುಳಿಯೇ. ಕಣ್ಣೀರ ಸುಳಿಯ ಕುದುರೆ ಇದ್ದ ಮನೆಯಲ್ಲಿ ಅಳು ತಪ್ಪುವುದಿಲ್ಲ. ಆ ದೋಷ ಒಡೆಯನಿಗೆ ಹತ್ತುತ್ತದೆ. ಇದು ಸಣ್ಣ ಮಗುವಿಗೂ ಗೊತ್ತು. ಚಾಂದನಿ ಕಣ್ಣು ಮುಚ್ಚಿ, ತುರಿಸುತ್ತಾನೆಂದುಕೊಂಡು ಅವನ ಅಂಗೈಗೆ ಮುಖ ಒತ್ತಿ ನಿಂತಿತ್ತು.

"ಗೌಡ್ರ, ಮೊದಲ ನನಗ ಕಾಣಲಿಲ್ಲರಿ. ಇಲ್ಲಿ ನೋಡ್ರಿ."

ಬಸವಣ್ಣೆಪ್ಪ ನೋಡಿದ. ಮುಟ್ಟಲಿಲ್ಲ. ನಬಿಲಾಲನ ಎರಡೂ ಕೈ ಹಿಡಿದುಕೊಂಡ. "ಬ್ಯಾರೆಯವ ಆಗಿದ್ದರ ಮುಚ್ಚಿ ಮಾರತಿದ್ದ. ನನ್ನ ಮನಿ ಉಳಿಸಿದಿ ತಮ್ಮಾ."

ಆ ಕೈಯ ಬಿಸಿ ನಬಿಲಾಲನನ್ನು ಬಿಡಲಿಲ್ಲ. ಬಿಬಿಜಾನ ಅಂಟಿನ ಬಟ್ಟಲು ತೊಳೆಯುತ್ತ, "ತೌಬಾ" ಎಂದಷ್ಟೇ ಅಂದಳು. ಆ ದಿನ ಅವನ ಮುಖ ನೋಡಲಿಲ್ಲ.

ಮಾತು ಊರು ದಾಟಿತು. ಟಾಫಿಯಿಂದ ಮರಿ ಕಟ್ಟಿಸಲು ಗೋಕಾಕ, ಮೂಡಲಗಿಯಿಂದ ಕುದುರೆ ಹೊಡೆದುಕೊಂಡು ಬರುತ್ತಿದ್ದವರು ನಿಂತುಹೋದರು. ತಂದೆಯ ರಕ್ತದಲ್ಲೇ ಆ ಸುಳಿ ಇದೆಯೆಂದರು. ಅದನ್ನೂ ನಬಿಲಾಲ ತಡೆದುಕೊಳ್ಳುತ್ತಿದ್ದ. ಆದರೆ ಮರುವರ್ಷ ಜೂನ್ ತಿಂಗಳಲ್ಲಿ ಮಕ್ಕಳೆಲ್ಲ ಹೊಸ ಪಾಟಿ ಪುಸ್ತಕ ಹಿಡಿದು ಹೋಗುತ್ತಿರುವಾಗ ಸಾವಂತ್ರೆವ್ವ ತೋಟದ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಸಾಲಿಗೆ ಹೋಗಿಲ್ಲೇನವಾ?"

"ಅಪ್ಪಗ ಬೆನ್ನ ಹಿಡದೈತಿ ಕಾಕಾ. ನಾ ಭಾಳ ವಜ್ಜಿ ಆಗೇನಂತ." ಅವಳು ನಕ್ಕಳು. "ಬಿಡಿಸ್ಯಾರ."

ಅವಳ ಮುಂದೆ ಸುಲಿದ ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಸಿಪ್ಪೆಯ ರಾಶಿಯಲ್ಲಿ ಅವಳು ಬೆರಳಿನಿಂದ ತನ್ನ ಹೆಸರು ಬರೆದಿದ್ದಳು. ನಬಿಲಾಲ ಅದನ್ನು ಓದಲಾರ. ಆದರೂ ಬಹಳ ಹೊತ್ತು ನೋಡಿದ.

ಮರುದಿನ ಬೆಳಗ್ಗೆ ಚಾಂದನಿಯನ್ನು ಹಿಡಿದುಕೊಂಡು ಬಸವಣ್ಣೆಪ್ಪನ ಅಂಗಳದ ಹೊರಗೆ ನಿಂತ. "ಗೌಡ್ರ, ಸುಳಿ ಇರಲಿಲ್ಲರಿ. ನಾನೇ ಅಂಟ ಹಚ್ಚಿ ತಿರುವಿದ್ದೆ. ಕೊಡೂ ಮನಸ ಇರಲಿಲ್ಲ, ಇಲ್ಲ ಅನ್ನೂ ಧೈರ್ಯ ಇರಲಿಲ್ಲ. ಈಗ ನೋಡ್ರಿ, ಎಲ್ಲೈತಿ?"

ಬಸವಣ್ಣೆಪ್ಪ ಬಗ್ಗಿ ನೋಡಿದ. ಕಣ್ಣಿನ ಕೆಳಗೆ ಕೂದಲು ರೇಷ್ಮೆಯಂತೆ ನೇರವಾಗಿತ್ತು. ಅವನ ಮುಖ ನಿಧಾನಕ್ಕೆ ಕಪ್ಪಿಟ್ಟಿತು.

"ಕಬ್ಬಿಣ ಮುಟ್ಟಿಸಿದ್ಯಾ? ಎಷ್ಟ ಚಂದ ಅಳಿಸಿದೆಲೋ!"

"ಅಲ್ಲಾನ ಆಣಿರಿ, ಪುಕ್ಕಟ ಕೊಡ್ತೇನಿ..."

"ಪುಕ್ಕಟ ಕೊಡ್ತಿ ಅಂದಮ್ಯಾಗಂತೂ ದೋಷ ಖರೇನ. ಯಾರೂ ಕೊಳ್ಳವಲ್ಲರು, ನಮ್ಮ ಕೊರಳಿಗೆ ಕಟ್ಟಾಕ ಬಂದಿ. ಅವತ್ತ ನೀ ದೇವರಂಗ ಕಂಡಿದ್ದೆಲೋ ನಬಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸುಳ್ಳು ಹೇಳಿದ ದಿನ ಕೈ ಹಿಡಿದವನು ಖರೆ ಹೇಳಿದ ದಿನ ಬೆನ್ನು ತಿರುಗಿಸಿದ್ದ. ನಬಿಲಾಲ ಅಲ್ಲಿಯೇ ನಿಂತ. ಬಿಸಿಲು ಏರಿತು. ಬಸವಣ್ಣೆಪ್ಪ ಮತ್ತೆ ಹೊರಗೆ ಬಂದಾಗಲೂ ಅವನು ಕದಲಿರಲಿಲ್ಲ.

"ಆತರಿ, ಸುಳಿ ಐತಿ ಅಂತನ ತಿಳೀರಿ. ದೋಷ ಯಾರಿಗೆ ಹತ್ತತೈತಿ? ಒಡ್ಯಾಗ ಹೌದಲ್ಲರಿ? ಕುದರಿ ನಂದ. ನನ್ನ ಗುಡಿಸಲದಾಗ ಇರತೈತಿ. ನಿಮ್ಮ ಅಂಗಳ ತುಳ್ಯೂದಿಲ್ಲ. ಹುಡುಗಿ ಹಾದ್ಯಾಗ ಹತ್ತಿ ಹಾದ್ಯಾಗ ಇಳೀಲಿ. ಅಳೂದ ಇದ್ದರ ನಾ ಅಳ್ತೇನಿ."

ಬಸವಣ್ಣೆಪ್ಪ ಅವನನ್ನು ನೋಡಲಿಲ್ಲ, ಕಟ್ಟೆಯ ಮೇಲಿನ ಮಗಳನ್ನು ನೋಡಿದ. "ಹಾದ್ಯಾಗ" ಎಂದ. "ಅಂಗಳದಾಗ ಕಾಲ ಇಟ್ಟರ ನೋಡ ಮತ್ತ."

ಮೇವು ಮೊದಲಿನಂತೆಯೇ ಬರುತ್ತಿತ್ತು, ಆಳಿನ ಕೈಯಲ್ಲಿ. ಸಾವಂತ್ರೆವ್ವ ಆರು ವರ್ಷ ಚಾಂದನಿಯ ಮೇಲೆ ಶಾಲೆಗೆ ಹೋದಳು. ನಬಿಲಾಲ ದಿನಾ ಲಗಾಮು ಹಿಡಿದು ಮುಂದೆ ನಡೆದ. ಸುಳಿ ಅಳಿಸಿದ ನಬಿ ಎಂದು ಊರು ಕರೆಯಿತು. ಅವನು ಯಾರಿಗೂ ಅಲ್ಲವೆನ್ನಲಿಲ್ಲ. ಪುಣೆಯ ವಿಳಾಸದ ಚೀಟಿ ತೊಲೆಯ ಸಂದಿಯಲ್ಲಿ ಹಳದಿಯಾಯಿತು. ಐವತ್ತೆಂಟರಲ್ಲಿ ಟಾಫಿ ಸತ್ತಾಗ ಗುಂಡಿಯ ಹತ್ತಿರ ಕುಳಿತು ಅವನು ಸಾಹೇಬನ ಮುಖ ನೆನಪಿಸಿಕೊಳ್ಳಲು ನೋಡಿದ. ನೆನಪಾದದ್ದು ಬಂದೂಕು ಕೆಳಗಿಳಿದ ರೀತಿ ಮಾತ್ರ. ಒಬ್ಬನಿಗೆ ಕೊಟ್ಟ ಮಾತು ಉಳಿಸಲು ಇನ್ನೊಬ್ಬನ ಮಗಳ ದಾರಿ ಕಿತ್ತುಕೊಂಡಿದ್ದ. ಅದನ್ನು ಹಿಂದಿರುಗಿಸಲು ಹೋಗಿ ಆ ಮಾತೂ ಉಳಿಯಲಿಲ್ಲ.

ಏಳನೆಯ ಇಯತ್ತೆಯ ಪರೀಕ್ಷೆ ಮುಗಿದ ದಿನ ಸಾವಂತ್ರೆವ್ವ ದಾರಿಯಲ್ಲಿ ಇಳಿದವಳು ಚಾಂದನಿಯ ಬಲಗಣ್ಣಿನ ಕೆಳಗೆ ಬೆರಳಾಡಿಸಿದಳು.

"ಕಾಕಾ, ಆರ ವರ್ಷದಿಂದ ಹುಡಕಾಕತ್ತೇನಿ. ಸುಟ್ಟ ಕಲಿ ಒಂದೂ ಇಲ್ಲ. ಸುಳಿ ಖರೇನ ಇತ್ತೇನು?"

"ಇತ್ತವಾ. ಒಂದ ದಿನ. ನಾನ ಇಟ್ಟಿದ್ದೆ."

ಅವಳು ಬೆರಳು ತೆಗೆಯದೆ ನಿಂತಳು. ಆರು ವರ್ಷದಲ್ಲಿ ಮೊದಲ ಸಲ ಯಾರೋ ಅವನನ್ನು ನಂಬಿದ್ದರು. ಅದು ಅವಳ ಮುಖದ ಮೇಲೆ ಕಂಡಿತು. ಅವಳು ನಗಲಿಲ್ಲ.

"ಅಂದರ ಅವತ್ತ ಇದು ನನ್ನ ಕುದರಿ ಆಗತಿತ್ತು" ಎಂದಳು.

"ಹೌದವಾ" ಎಂದ ನಬಿಲಾಲ.

ಅವಳು ಕೋಲೂರಿಕೊಂಡು ಅಂಗಳದತ್ತ ನಡೆದಳು. ಚಾಂದನಿ ಹಿಂದೆ ಹೋಗಲು ಒಂದು ಹೆಜ್ಜೆ ಎತ್ತಿತು. ಅಂಗಳದ ಅಂಚು ಬಂದಿತ್ತು. ನಬಿಲಾಲ ಲಗಾಮು ಹಿಡಿದು ನಿಲ್ಲಿಸಿದ.